ದುಬಾರಿ ಕೇಬಲ್ ತಂದೆ, ಹಳೆಯದೇ ಸರಿಹೋಯಿತು

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಆಡಿಯೋ ಸಿಸ್ಟಮ್‌ನಲ್ಲಿ ಏನೇ ಬದಲಿಸಿದರೂ ಅದರಲ್ಲಿ ಬರೆದಿಡುತ್ತೇನೆ. ಏನು ಬದಲಿಸಿದೆ, ಯಾವ ಹಾಡು ಕೇಳಿದೆ, ಏನನ್ನಿಸಿತು, ಇಷ್ಟೇ. ಹೊಸ ಸ್ಪೀಕರ್ ಕೇಬಲ್ ಹಾಕಿದ ದಿನ ಬರೆದದ್ದು ಹೀಗಿದೆ: "ಮುಸುಕು ತೆಗೆದ ಹಾಗಾಯಿತು. ಗಾಯಕಿ ಈಗ ಸರಿಯಾಗಿ ನಡುವೆ ನಿಂತಿದ್ದಾಳೆ. ಬಾಸ್‌ಗೆ ಜೀವ ಬಂತು." ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಬರೆದದ್ದು ಸುಳ್ಳಲ್ಲ, ನಿಜವಾಗಿಯೂ ಹಾಗೇ ಕೇಳಿಸಿತ್ತು. ಆದರೆ ಕಾರಣ ಅಂತ ನಾನು ಅಂದುಕೊಂಡದ್ದು ಮಾತ್ರ ತಪ್ಪು.

ಆ ಕೇಬಲ್ ಹೆಬ್ಬೆರಳು ದಪ್ಪ ಇತ್ತು. ಮೇಲೆ ನೇಯ್ದ ಹೊದಿಕೆ, ತುದಿಗೆ ಚಿನ್ನದ ಲೇಪದ ಬನಾನಾ ಪ್ಲಗ್. ಅದಕ್ಕೆ ಮುಂಚೆ ಆರು ವರ್ಷ ಇದ್ದದ್ದು 0.75 ಚದರ ಮಿಲಿಮೀಟರ್‌ನ ಸಾದಾ ಜೋಡಿ ವೈರ್. ತುದಿ ಸುಲಿದು, ತಿರುಚಿ, ಸ್ಪೀಕರ್ ಹಿಂದಿನ ಟರ್ಮಿನಲ್‌ಗೆ ಸಿಕ್ಕಿಸಿ ಮರೆತಿದ್ದೆ. ಹೊಸದು ಬಂದ ಮೇಲೆ ಮೂರು ವಾರ ಮನೆಗೆ ಬಂದವರನ್ನೆಲ್ಲ ಕೂರಿಸಿ ಕೇಳಿಸಿದ್ದೇ ಕೇಳಿಸಿದ್ದು.

ಆಮೇಲೆ ಸ್ಪೀಕರ್‌ಗಳ ಜಾಗ ಬದಲಿಸಬೇಕಾಯಿತು. ದಪ್ಪ ಕೇಬಲ್ ಅಲ್ಲಿಗೆ ಎಟುಕಲಿಲ್ಲ. ಒಂದೆರಡು ದಿನಕ್ಕೆ ಇರಲಿ ಅಂತ ಹಳೆ ವೈರನ್ನೇ ಪೆಟ್ಟಿಗೆಯಿಂದ ಎತ್ತಿದೆ. ಆಗ ಅದರ ತುದಿ ಕಣ್ಣಿಗೆ ಬಿತ್ತು. ಬಲಗಡೆಯದ್ದು ಪರವಾಗಿಲ್ಲ, ಸ್ವಲ್ಪ ಮಂಕಾಗಿತ್ತು ಅಷ್ಟೇ. ಎಡಗಡೆಯದ್ದರ ತಾಮ್ರ ಕಪ್ಪಿಟ್ಟಿತ್ತು. ಉಗುರಿನಲ್ಲಿ ಕೆರೆದರೆ ಹಸಿರು ಪುಡಿ ಉದುರಿತು. ಈ ವೈರಿನಲ್ಲಿ 24 ಎಳೆ ಇರುತ್ತವೆ. ಅರ್ಧಕ್ಕಿಂತ ಜಾಸ್ತಿ ಬುಡದಲ್ಲೇ ಮುರಿದಿದ್ದವು. ಟರ್ಮಿನಲ್‌ನ ಸ್ಕ್ರೂ ಕಚ್ಚಿ ಹಿಡಿದಿದ್ದ ಗುರುತು ಇದ್ದದ್ದು ಆರೇಳು ಎಳೆಗಳ ಮೇಲೆ ಮಾತ್ರ.

ಕತ್ತರಿಸುವ ಮುಂಚೆ ಅಳೆದು ನೋಡೋಣ ಅನ್ನಿಸಿತು. ಒಂದು ಓಮ್‌ಗಿಂತ ಕಡಿಮೆ ಇರುವ ರೆಸಿಸ್ಟೆನ್ಸನ್ನು (ಕರೆಂಟಿಗೆ ವೈರ್ ಒಡ್ಡುವ ತಡೆಯನ್ನು) ಸಾದಾ ಮಲ್ಟಿಮೀಟರ್‌ನಲ್ಲಿ ನೇರವಾಗಿ ಅಳೆದರೆ ನಂಬುವ ಹಾಗಿಲ್ಲ. ಮೀಟರಿನ ಕಡ್ಡಿಗಳ ವೈರೇ ಅಷ್ಟು ತೋರಿಸುತ್ತದೆ. ಅದಕ್ಕೆ ಬೇರೆ ದಾರಿ ಹಿಡಿದೆ. ಆಂಪ್ಲಿಫೈಯರ್ ಪೂರ್ತಿ ಬಿಡಿಸಿ ಪಕ್ಕಕ್ಕಿಟ್ಟೆ. ವೈರಿನ ಆ ತುದಿಯನ್ನು ಹಿಂದೆ ಇದ್ದ ಹಾಗೇ ಟರ್ಮಿನಲ್‌ಗೆ ಕಚ್ಚಿಸಿ, ಟರ್ಮಿನಲ್‌ನ ಎರಡೂ ಕಂಬಗಳನ್ನು ತಾಮ್ರದ ಪಟ್ಟಿಯಿಂದ ಕೂಡಿಸಿದೆ. ಈ ತುದಿಯಿಂದ ಪವರ್ ಸಪ್ಲೈನಲ್ಲಿ ಸರಿಯಾಗಿ 1 ಆಂಪಿಯರ್ ಹರಿಸಿ, ಎಷ್ಟು ಮಿಲಿವೋಲ್ಟ್ ಬೀಳುತ್ತದೆ ಅಂತ ನೋಡಿದೆ. 1 ಆಂಪಿಯರ್‌ಗೆ 230 ಮಿಲಿವೋಲ್ಟ್ ಬಿದ್ದರೆ 0.23 ಓಮ್, ಲೆಕ್ಕ ಸುಲಭ.

ಬಲಗಡೆಯ ವೈರ್ 230 ತೋರಿಸಿತು. 5 ಮೀಟರ್ ಉದ್ದ, ಹೋಗಿ ಬರುವುದು 10 ಮೀಟರ್ ತಾಮ್ರ, ಅಷ್ಟು ಬರಲೇಬೇಕು. ಎಡಗಡೆಯದ್ದು 700ರ ಸುತ್ತ ಓಲಾಡುತ್ತಿತ್ತು. ಬೆರಳಿನಲ್ಲಿ ವೈರ್ ಮುಟ್ಟಿದರೆ 500, ಬಿಟ್ಟರೆ 900. ದಪ್ಪ ಕೇಬಲ್ 4 ಚದರ ಮಿಲಿಮೀಟರ್‌ನದು, ಅದು 45 ತೋರಿಸಿತು.

ಇದರ ಪರಿಣಾಮ ಕಿವಿಗೆ ಹೇಗೆ ಬರುತ್ತದೆ? ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಎಲ್ಲ ಸ್ವರಕ್ಕೂ ಅದು 8 ಓಮ್ ಇರುವುದಿಲ್ಲ. ನನ್ನದು ಒಂದು ಕಡೆ 4ಕ್ಕೆ ಇಳಿಯುತ್ತದೆ, ಇನ್ನೊಂದು ಕಡೆ 20ಕ್ಕೆ ಏರುತ್ತದೆ. ದಾರಿಯಲ್ಲೇ 0.7 ಓಮ್ ಕೂತುಬಿಟ್ಟರೆ 4 ಓಮ್ ಇರುವ ಸ್ವರಗಳು 1.4 ಡೆಸಿಬಲ್ ಇಳಿಯುತ್ತವೆ, 20 ಓಮ್ ಇರುವ ಸ್ವರಗಳು ಬರೀ 0.3. ಅಂದರೆ ಎಡಗಡೆಯ ಸ್ಪೀಕರ್ ಸದ್ದೂ ಕಡಿಮೆ, ಬಣ್ಣವೂ ಬೇರೆ. ಅದಕ್ಕೇ ಗಾಯಕಿ ಇಷ್ಟು ವರ್ಷ ಸ್ವಲ್ಪ ಬಲಕ್ಕೆ ಸರಿದು ಹಾಡುತ್ತಿದ್ದಳು. ರೆಕಾರ್ಡಿಂಗೇ ಹಾಗಿರಬೇಕು ಅಂತ ನಾನು ಸುಮ್ನೆ ಇದ್ದೆ.

ತುದಿ ಎರಡು ಇಂಚು ಕತ್ತರಿಸಿ, ಹೊಸದಾಗಿ ಸುಲಿದು, ತಿರುಪು ಬಿಗಿ ಮಾಡಿದೆ. ಅದೇ ಹಾಡು ಹಾಕಿದೆ. ಮುಸುಕು ತೆಗೆದ ಹಾಗಾಯಿತು. ಗಾಯಕಿ ನಡುವೆ ನಿಂತಳು. ಆ ಸಂಜೆ ನೋಟ್‌ಬುಕ್‌ನಲ್ಲಿ ಏನೂ ಬರೆಯಲಿಲ್ಲ.

ದಪ್ಪ ಕೇಬಲ್‌ನಿಂದ ಉಪಯೋಗವೇ ಇಲ್ಲ ಅಂತ ಹೇಳುತ್ತಿಲ್ಲ. ಸರಿಯಾಗಿ ಕಟ್ಟಿದ ತೆಳು ವೈರಿಗೂ ಅದಕ್ಕೂ ನನ್ನ ಸ್ಪೀಕರ್‌ನಲ್ಲಿ ಸುಮಾರು 0.3 ಡೆಸಿಬಲ್ ಏರುಪೇರು ಲೆಕ್ಕಕ್ಕೆ ಸಿಗುತ್ತದೆ. ದೂರ ಜಾಸ್ತಿ ಇದ್ದರೆ, ಸ್ಪೀಕರ್ ಓಮ್ ಕಡಿಮೆ ಇದ್ದರೆ ದಪ್ಪ ವೈರ್ ಹಾಕುವುದೇ ಸರಿ. ಆದರೆ ಆ ಲಾಭ ತಾಮ್ರದ ದಪ್ಪದ್ದು. ಹೊದಿಕೆಯದ್ದಲ್ಲ, ಹೆಸರಿನದ್ದೂ ಅಲ್ಲ.

ಇನ್ನೊಂದು ಪುಟ ಇದೆ, ಅದನ್ನು ಹರಿದು ಹಾಕೋಣ ಅಂತ ಎಷ್ಟೋ ಸಲ ಅನ್ನಿಸಿದೆ. ಗೆಳೆಯನಿಂದ ಎರವಲು ತಂದ ಮತ್ತೊಂದು ಕೇಬಲ್ ಬಗ್ಗೆ "ಸ್ಟೇಜ್ ಗೋಡೆಯಿಂದಾಚೆಗೆ ಹೋಯಿತು, ವಾದ್ಯಗಳು ಕೋಣೆ ತುಂಬಾ ತೇಲುತ್ತಿವೆ" ಅಂತ ಬರೆದಿದ್ದೇನೆ. ಎರಡು ದಿನ ಆದಮೇಲೆ ಬಾಸ್ ಎಲ್ಲಿ ಹೋಯಿತು ಅಂತ ಹುಡುಕಿದರೆ, ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ಉಲ್ಟಾ ಹಾಕಿದ್ದೆ! ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿತ್ತು. ಈಗ ಏನೇ ಕಳಚಿ ಜೋಡಿಸಿದರೂ ಮೊದಲು ಮೋನೋ (ಎರಡೂ ಕಡೆ ಒಂದೇ ಸದ್ದು ಬರುವ) ರೆಕಾರ್ಡಿಂಗ್ ಹಾಕುತ್ತೇನೆ. ದನಿ ಎರಡೂ ಸ್ಪೀಕರ್‌ಗಳ ನಟ್ಟನಡುವೆ ಒಂದು ಚುಕ್ಕೆಯಲ್ಲಿ ನಿಲ್ಲಬೇಕು. ನಿಲ್ಲದೆ ಹರಡಿಕೊಂಡರೆ ವೈರ್ ಉಲ್ಟಾ.

ಇಷ್ಟಾದ ಮೇಲೆ ನನ್ನ ಕಿವಿಯ ಮೇಲೇ ಅನುಮಾನ ಬಂತು. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಆರ್‌ಸಿಎ ಕೇಬಲ್‌ಗೂ ಒಳ್ಳೇ ದುಡ್ಡು ಸುರಿದಿದ್ದೆ. ಅದನ್ನು ಪೆಟ್ಟಿಗೆಯ ಜೊತೆ ಬಂದಿದ್ದ ಪುಕ್ಕಟೆ ಕೇಬಲ್ ಎದುರು ನಿಲ್ಲಿಸಿದೆ. ಮಗಳು ರ‍್ಯಾಕ್ ಹಿಂದೆ, ನಾನು ಸೋಫಾದಲ್ಲಿ ಕಣ್ಣು ಮುಚ್ಚಿ. ಪ್ರತಿ ಸಲ ಅವಳು ನಾಣ್ಯ ಚಿಮ್ಮಬೇಕು, ಬಿದ್ದದ್ದಕ್ಕೆ ತಕ್ಕ ಕೇಬಲ್ ಹಾಕಬೇಕು. ಅದೇ ಕೇಬಲ್ ಮತ್ತೆ ಬಂದರೂ ಕಿತ್ತು ಹಾಕಬೇಕು, ಇಲ್ಲದಿದ್ದರೆ ಸದ್ದಿನಿಂದಲೇ ಗೊತ್ತಾಗಿಬಿಡುತ್ತದೆ. ಕಿತ್ತು ಹಾಕುವಾಗ ಮ್ಯೂಟ್ ಕಡ್ಡಾಯ. ಆರ್‌ಸಿಎ ಪ್ಲಗ್‌ನಲ್ಲಿ ನಡುವಿನ ಕಡ್ಡಿ ಮೊದಲು ತಗಲುತ್ತದೆ, ಸುತ್ತಲಿನ ಗ್ರೌಂಡ್ ಆಮೇಲೆ. ನಡುವಿನ ಆ ಗಳಿಗೆಯಲ್ಲಿ ಬರುವ ಗುರ್ ಅನ್ನುವ ಸದ್ದು ಸ್ಪೀಕರ್‌ನ ಜೀವ ತೆಗೆಯಬಲ್ಲದು.

ವಾಲ್ಯೂಮ್ ಗುಬುಟಿಗೆ ಟೇಪ್ ಅಂಟಿಸಿ ಅಲ್ಲಾಡದಂತೆ ಮಾಡಿದೆ. ಇದು ಚಿಕ್ಕ ವಿಷಯ ಅಲ್ಲ. ಮೊದಲೆಲ್ಲ ನಾನು ವಾಲ್ಯೂಮ್ ಇಳಿಸಿ, ಕೇಬಲ್ ಬದಲಿಸಿ, ಮತ್ತೆ ಅಂದಾಜಿನಲ್ಲಿ ಏರಿಸುತ್ತಿದ್ದೆ. ಅರ್ಧ ಡೆಸಿಬಲ್ ಜಾಸ್ತಿಯಾದರೆ ಅದು ಜೋರಾಗಿದೆ ಅಂತ ಕಿವಿಗೆ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಸದ್ದು ಮೆಲ್ಲಗಿದ್ದಾಗ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ, ಏರಿಸಿದಂತೆ ಬಾಸ್ ಉಳಿದದ್ದಕ್ಕಿಂತ ಬೇಗ ಏರುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗ್ರಾಫ್ ಬರೆದಿಟ್ಟಿದ್ದಾರೆ. ಅದೇ ಮನ್ಸನ್ 1950ರಲ್ಲಿ ಗಾರ್ಡ್ನರ್ ಜೊತೆ ಸೇರಿ ಕೇಳುವ ಪರೀಕ್ಷೆಗೂ ಒಂದು ಕ್ರಮ ಹಾಕಿಕೊಟ್ಟರು. ಈಗ ಎಬಿಎಕ್ಸ್ ಅನ್ನುತ್ತೇವಲ್ಲ (ಎ, ಬಿ ಎರಡನ್ನೂ ಕೇಳಿ, ಎಕ್ಸ್ ಅವೆರಡರಲ್ಲಿ ಯಾವುದು ಅಂತ ಹೇಳುವುದು), ಅದರ ಬೇರು ಅಲ್ಲಿದೆ. ನಮ್ಮ ನಾಣ್ಯದ ಆಟ ಅದರ ಬಡ ನೆಂಟ.

16 ಸಲ ಕೇಳಿದೆ. ಸುಮ್ಮನೆ ಊಹಿಸಿದರೂ ಸುಮಾರು 8 ಸರಿಯಾಗಬೇಕು. 12 ಬಂದರೆ ಏನೋ ಇದೆ ಅನ್ನಬಹುದು, ಬರೀ ಅದೃಷ್ಟದಿಂದ ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬರುವುದು ನೂರಕ್ಕೆ ನಾಲ್ಕು ಸಲ ಮಾತ್ರ. ನನಗೆ 9 ಬಂತು.

ಮಗಳು ತನ್ನ ಚೀಟಿ ಹಿಡಿದು ಬಂದಳು. "ಅಪ್ಪಾ, ಐದನೇ ಸಲ ಮತ್ತು ಆರನೇ ಸಲ ಇದ್ದದ್ದು ಒಂದೇ ಕೇಬಲ್. ಐದಕ್ಕೆ ನೀನು 'ಸ್ವಲ್ಪ ಮಂಕು, ಪುಕ್ಕಟೆದು' ಅಂದೆ. ಆರಕ್ಕೆ 'ಆಹಾ, ಇದೇ' ಅಂದೆ."

"ಯಾವ ಕೇಬಲ್ ಅದು?"

"ಪುಕ್ಕಟೆದೇ."

ಹಾಗಂತ ಆರ್‌ಸಿಎ ಕೇಬಲ್ ಎಲ್ಲ ಕಡೆ ಒಂದೇ ಅಂದುಕೊಂಡು ನಾನು ಮತ್ತೆ ಹಳ್ಳಕ್ಕೆ ಬಿದ್ದೆ. ಎಲ್ಪಿ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಇಡಲು ಬೇರೆ ಮೇಜು ಸಿಕ್ಕಿತು, ಆಂಪ್ಲಿಫೈಯರ್‌ನಿಂದ ದೂರ. 1 ಮೀಟರ್ ಕೇಬಲ್ ತೆಗೆದು 3 ಮೀಟರ್‌ನದು ಹಾಕಿದೆ. ಅವತ್ತಿನಿಂದ ಎಲ್ಪಿ ಕೇಳಿದರೆ 'ಸ' 'ಶ' ಬಂದಾಗಲೆಲ್ಲ ಉಗುಳಿದ ಹಾಗೆ ಸದ್ದು, ಆದರೆ ಕಂಚಿನ ತಾಳದ ಗಾಳಿಯಂಥ ತೆಳು ಝೇಂಕಾರ ಮಾಯ. ಸೂಜಿ ಸವೆದಿದೆ ಅಂದುಕೊಂಡು ಹೊಸ ಸೂಜಿಯನ್ನೂ ತಂದೆ. ಏನೂ ಬದಲಾಗಲಿಲ್ಲ.

ಇಲ್ಲಿ ತಪ್ಪು ನಿಜವಾಗಿಯೂ ಕೇಬಲ್‌ನದು. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್ (ಸೂಜಿ ಕೂರುವ ಪುಟ್ಟ ಡಬ್ಬಿ) ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ ಇರುತ್ತದೆ, ಅದರ ಇಂಡಕ್ಟೆನ್ಸ್ ಅರ್ಧ ಹೆನ್ರಿಯಷ್ಟು. ಕೇಬಲ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ, ಉದ್ದವಾದಷ್ಟೂ ಜಾಸ್ತಿ) ಅದರ ಜೊತೆ ಸೇರಿ ಒಂದು ಕಡೆ ಮೊಳಗುತ್ತದೆ. ಒಟ್ಟು 200 ಪಿಕೋಫ್ಯಾರಡ್ ಇದ್ದರೆ ಆ ಜಾಗ 16 ಸಾವಿರ ಹರ್ಟ್ಸ್ ಹತ್ತಿರ, ಕಿವಿಗೆ ಅಷ್ಟಾಗಿ ತಟ್ಟುವುದಿಲ್ಲ. ಕೇಬಲ್ ಉದ್ದವಾಗಿ 500 ಆದರೆ ಅದು 10 ಸಾವಿರಕ್ಕೆ ಇಳಿಯುತ್ತದೆ. ಸರಿಯಾಗಿ 'ಸ'ಕಾರದ ಪಕ್ಕದಲ್ಲಿ ಒಂದು ಉಬ್ಬು, ಅದರಾಚೆ ಇಳಿಜಾರು. ಕಾರ್ಟ್ರಿಡ್ಜ್ ಜೊತೆ ಬಂದ ಚೀಟಿಯಲ್ಲಿ ಎಷ್ಟು ಪಿಕೋಫ್ಯಾರಡ್ ಇರಬೇಕು ಅಂತ ಬರೆದೇ ಇತ್ತು, ನಾನು ಓದಿರಲಿಲ್ಲ. ಫೋನೋ ಪ್ರಿಆಂಪನ್ನು (ಕಾರ್ಟ್ರಿಡ್ಜ್‌ನ ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಪೆಟ್ಟಿಗೆಯನ್ನು) ಟರ್ನ್‌ಟೇಬಲ್ ಪಕ್ಕಕ್ಕೇ ತಂದು, ಅದಕ್ಕೆ ಗಿಡ್ಡ ಕೇಬಲ್ ಹಾಕಿ, ಅಲ್ಲಿಂದ ಮುಂದೆ ಉದ್ದದ್ದನ್ನು ಎಳೆದೆ. ಸರಿಹೋಯಿತು. ಅದೇ 3 ಮೀಟರ್ ಕೇಬಲ್ ಈಗ ಪ್ರಿಆಂಪ್ ಆದಮೇಲೆ ಇದೆ, ಯಾವ ತಕರಾರೂ ಇಲ್ಲ.

ಡಿಜಿಟಲ್ ಕಡೆ ನನ್ನ ಕಥೆ ಚಿಕ್ಕದು. ಕಂಪ್ಯೂಟರ್‌ನಿಂದ ಡ್ಯಾಕ್‌ಗೆ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆಗೆ) ಯುಎಸ್‌ಬಿ ಹಾಕಿದಾಗ ಸ್ಪೀಕರ್‌ನಲ್ಲಿ ಚಿರಿಚಿರಿ ಅನ್ನುತ್ತಿತ್ತು. ಮೌಸ್ ಅಲ್ಲಾಡಿಸಿದರೆ ಸದ್ದಿನ ರಾಗವೇ ಬದಲಾಗುತ್ತಿತ್ತು. ದುಬಾರಿ ಯುಎಸ್‌ಬಿ ಕೇಬಲ್ ತಂದರೂ ಅದು ಹೋಗಲಿಲ್ಲ. ಹೋಗುವುದು ಹೇಗೆ? ಕಂಪ್ಯೂಟರ್‌ನ ಗಲೀಜು ಬರುತ್ತಿದ್ದದ್ದು ಗ್ರೌಂಡ್ ತಂತಿಯಲ್ಲಿ, ಹೊಸ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇದ್ದೇ ಇದೆ. ತೋಷಿಬಾ 1983ರಲ್ಲಿ ತಂದ ಆಪ್ಟಿಕಲ್ ಕೇಬಲ್, ಟಾಸ್‌ಲಿಂಕ್, ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ. ಸದ್ದು ಅಲ್ಲಿಗೇ ನಿಂತಿತು. ಇಂಥ ಗುಂಯ್‌ಗುಡುವ ತೊಂದರೆಗೆ ಪವರ್ ಪ್ಲಗ್‌ನ ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ. ಆ ಪಿನ್ ಇರುವುದು ನಿಮ್ಮ ಜೀವಕ್ಕೆ, ಹಾಡಿಗಲ್ಲ.

ಉಳಿದ ಸಾಮಾನುಗಳಲ್ಲಿ ದುಡ್ಡಿಗೆ ಮೋಸ ಮಾಡದ್ದು ಸೂಜಿಯ ತೂಕ ನೋಡುವ ಪುಟ್ಟ ತಕ್ಕಡಿ. 2 ಗ್ರಾಂ ಇರಬೇಕಾದ ಜಾಗದಲ್ಲಿ 1.4 ತೋರಿಸಿತು. ತೋಳಿನ ಡಯಲನ್ನು ಸೊನ್ನೆಗೆ ತರದೆ ನಾನೇ ತಿರುಗಿಸಿದ್ದೆ. ಹಗುರವಾದ ಸೂಜಿ ಗೀರಿನ ಗೋಡೆಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ, ಜೋರು ಜಾಗಗಳಲ್ಲಿ ಎಗರಾಡುತ್ತದೆ, ಎಲ್ಪಿಯೂ ಹಾಳು. ಸೂಜಿಯ ಕುಂಚವೂ ಹಾಗೇ, ಸಣ್ಣದಾದರೂ ದಿನಾ ಬೇಕು. ಸ್ಪೀಕರ್ ಕೆಳಗಿನ ಮೊನೆಗಳು ನನಗೆ ಮಾಡಿದ ಉಪಕಾರ ಒಂದೇ, ಕುಂಟುತ್ತಿದ್ದ ಸ್ಟ್ಯಾಂಡ್ ಗಟ್ಟಿಯಾಗಿ ನಿಂತಿತು. ಕೇಬಲ್ ನೆಲ ಮುಟ್ಟದಂತೆ ಎತ್ತಿ ಹಿಡಿಯುವ ಪಿಂಗಾಣಿ ಗೊಂಬೆಗಳ ಬಗ್ಗೆ ನನ್ನ ಹತ್ತಿರ ಮಾತಿಲ್ಲ.

ಇವೆಲ್ಲದರ ಎದುರು ಸ್ಪೀಕರ್ ಸರಿಸಿದ್ದರ ಲೆಕ್ಕ ನೋಡಿ. ಹಿಂದಿನ ಗೋಡೆಯಿಂದ ಸರಿಯಾಗಿ 1 ಮೀಟರ್‌ನಲ್ಲಿ ಇಟ್ಟಿದ್ದೆ. ಗೋಡೆಗೆ ಬಡಿದು ಮರಳುವ ಅಲೆ 86 ಹರ್ಟ್ಸ್ ಹತ್ತಿರ ನೇರ ಬರುವ ಅಲೆಯನ್ನು ಕಡಿಯುತ್ತದೆ. ಮೈಕ್ ಇಟ್ಟು ಅಳೆದರೆ ಅಲ್ಲೊಂದು ಆರೇಳು ಡೆಸಿಬಲ್‌ನ ಗುಂಡಿ. 0.3 ಡೆಸಿಬಲ್‌ಗೆ ಹೆಬ್ಬೆರಳು ದಪ್ಪದ ಕೇಬಲ್ ತಂದವನು ನಾನು. ಸ್ಪೀಕರ್ ಜಾಗ ಬದಲಿಸಬೇಕಾಗಿ ಬಂದದ್ದರಿಂದ ಈ ಗುಂಡಿ ಕಣ್ಣಿಗೆ ಬಿತ್ತು, ಅದೊಂದು ಉಪಕಾರ.

ಈಗ ಆರು ತಿಂಗಳಿಗೊಮ್ಮೆ ಎಲ್ಲ ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಎರಡು ಮೂರು ಸಲ ತಿರುಗಿಸಿ ಮತ್ತೆ ಹಾಕುತ್ತೇನೆ. ಕಳೆದ ಸಲ ಬಲ ಸ್ಪೀಕರ್ ಹಿಂದೆ ಮೇಲಿನ ಕೆಳಗಿನ ಟರ್ಮಿನಲ್ ಜೋಡಿಸುವ ತಗಡಿನ ಪಟ್ಟಿ ಸಡಿಲವಾಗಿತ್ತು. ಬಿಗಿ ಮಾಡಿದೆ, ಕೂತು ಕೇಳಿದೆ, ಟ್ವೀಟರ್ (ಎತ್ತರದ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್) ಎಷ್ಟೋ ತಿಳಿಯಾಗಿದೆ ಅನ್ನಿಸಿತು. ನೋಟ್‌ಬುಕ್ ತೆಗೆದು ಬರೆಯಲು ಹೊರಟೆ. ಆಮೇಲೆ ಮಗಳನ್ನು ಕೂಗಿದೆ, ನಾಣ್ಯ ತಗೊಂಡು ಬಾ ಅಂತ.