ಮಳೆಗಾಲಕ್ಕೆ ಎಲೆಕ್ಟ್ರಿಕ್ ಗಿಟಾರನ್ನ ಕೇಸೊಳಗೆ ಕೂರಿಸಿದ್ದು ಹೇಗೆ

ಮಂಗಳೂರು ಕಡೆ ಎಲೆಕ್ಟ್ರಿಕ್ ಗಿಟಾರ್ ಇಟ್ಕೊಂಡವರಿಗೆ ಗೊತ್ತಿರ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನ ಗೋಡೆಗೆ ನೇತು ಹಾಕಿಟ್ರೆ ಏನಾಗ್ತದೆ ಅಂತ. ಸ್ಟ್ರಿಂಗ್ ಕಪ್ಪಾಗ್ತದೆ, ತಂತಿ ಕೂರುವ ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳಿಗೆ ತುಕ್ಕು ಹಿಡೀತದೆ, ವಾಲ್ಯೂಮ್ ನಾಬ್ ತಿರುಗಿಸಿದ್ರೆ ಕರಕರ ಸೌಂಡು, ಲೆದರ್ ಸ್ಟ್ರಾಪ್ ಮೇಲೆ ಬೂಷ್ಟು. ಅದೂ ಮಳೆ ಹೊಡೆಯುವ ಕಡೆಯ ಕೆಂಪುಕಲ್ಲಿನ ಗೋಡೆ ಆದ್ರೆ ಕೇಳೋದೇ ಬೇಡ. ಹಾಗಾಗಿ ನಾನು ಹೇಳೋದು ಇಷ್ಟೇ, ಮಳೆಗಾಲದಲ್ಲಿ ಗಿಟಾರ್ ಹಾರ್ಡ್ ಕೇಸೊಳಗೆ ಇರ್ಬೇಕು, ಆ ಕೇಸೊಳಗೂ ಅದು ಎಲ್ಲೂ ಒತ್ತದ ಹಾಗೆ ಕೂರ್ಬೇಕು. ಈ ಎರಡನೇದನ್ನ ಯಾರೂ ನೋಡೋದಿಲ್ಲ.

ನನ್ನದು ಲೆಸ್ ಪಾಲ್ ಮಾದರಿ, ನೆಕ್ (ಉದ್ದ ಕುತ್ತಿಗೆ) ಬಾಡಿಗೆ ಅಂಟಿಸಿದ್ದು, ಹೆಡ್‌ಸ್ಟಾಕ್ (ತಂತಿ ಬಿಗಿಯುವ ಟ್ಯೂನರ್‌ಗಳಿರುವ ತಲೆಭಾಗ) ಹಿಂದಕ್ಕೆ ಬಾಗಿದ್ದು. ಈ ಮಾದರಿ ಮಾಡುವ ಗಿಬ್ಸನ್ ಕಂಪನಿಯವರ ಗಿಟಾರ್‌ಗಳಲ್ಲಿ ಈ ಬಾಗು 17 ಡಿಗ್ರಿವರೆಗೂ ಇರ್ತದೆ. ಬಾಗಿರುವ ಜಾಗದಲ್ಲಿ ಮರದ ನಾರು ಅಡ್ಡಕ್ಕೆ ಕಡಿದ ಹಾಗಾಗಿ ಗಿಡ್ಡ ಆಗ್ತದೆ, ಟ್ರಸ್ ರಾಡ್ (ನೆಕ್ ನೆಟ್ಟಗಿರ್ಲಿಕ್ಕೆ ಒಳಗೆ ಹಾಕಿದ ಲೋಹದ ಸರಳು) ತಿರುಗಿಸ್ಲಿಕ್ಕೆ ಅಂತ ಅಲ್ಲೇ ಮರ ಬೇರೆ ತೆಗೆದಿರ್ತಾರೆ, ಆದ್ರಿಂದ ಮುರಿಯೋದಿದ್ರೆ ಅಲ್ಲೇ ಮುರಿಯೋದು. ಹೆಡ್‌ಸ್ಟಾಕ್‌ನ ಬೆನ್ನು ಕೇಸಿನ ತಳಕ್ಕೆ ತಾಗ್ತಾ ಇದ್ರೆ ಕೇಸ್ ಒಮ್ಮೆ ಜೋರಾಗಿ ಕೆಳಗೆ ಬಿದ್ರೂ ಸಾಕು.

ನಾನು ತಂದ ಕೇಸ್ ಅಳತೆಗೆ ಸರಿಯಾಗೇ ಇತ್ತು, ತೊಂದ್ರೆ ಇದ್ದದ್ದು ಬಾಡಿಯ ಕೆಳಗಿನ ತುದೀಲಿ. ಅಲ್ಲಿ ಸ್ಟ್ರಾಪ್ ಲಾಕ್‌ನ (ಹೆಗಲ ಪಟ್ಟಿ ಕಳಚದ ಹಾಗೆ ಹಿಡಿಯುವ ಕೊಂಡಿಯ) ಬಟನ್ ಹಾಕಿತ್ತು, ಅದು ಮಾಮೂಲಿ ಬಟನ್‌ಗಿಂತ ಉದ್ದ, ಅದಕ್ಕೆ ಇಡೀ ಗಿಟಾರ್ ಮುಂದಕ್ಕೆ ಸರಿದು ನೆಕ್‌ಗೆ ಕೊಟ್ಟ ದಿಂಬು ಸರಿಯಾದ ಜಾಗಕ್ಕೆ ಬರ್ದೆ ಹೆಡ್‌ಸ್ಟಾಕ್‌ನ ತುದಿ ಕೇಸಿಗೆ ಮುಟ್ತಾ ಇತ್ತು. ಕೇಸಿನ ಫೋಮ್ ಕೊರೆಯುವ ಬದಲು ಬಟನನ್ನೇ ಬದ್ಲಾಯಿಸುವ ಅಂತ ಹೊರಟೆ.

ಲಾಕ್ ಬಟನ್ ಬಿಚ್ಚಿ ಸಣ್ಣ ಸಾದಾ ಬಟನ್ ತಂದೆ. ಅದರ ಸ್ಕ್ರೂ ತೆಳು, ಹಳೇ ತೂತಲ್ಲಿ ಲೊಡಲೊಡ. ಮದ್ದು ಇಲ್ಲದ ಬೆಂಕಿಕಡ್ಡಿಗಳನ್ನ ಸಪೂರ ಸೀಳಿ ಫೆವಿಕಾಲ್‌ನಲ್ಲಿ ಅದ್ದಿ ತೂತು ತುಂಬುವ ತನಕ ತುರುಕಿ, ರಾತ್ರಿಯಿಡೀ ಒಣಗ್ಲಿಕ್ಕೆ ಬಿಟ್ಟು, ಬೆಳಿಗ್ಗೆ ಹೊರಗೆ ಉಳಿದದ್ದನ್ನ ಬ್ಲೇಡಲ್ಲಿ ಕೊಯ್ದು ಸಮ ಮಾಡಿದೆ. ಆಮೇಲೆ ಸ್ಕ್ರೂಗಿಂತ ಸಪೂರದ ಬಿಟ್‌ನಲ್ಲಿ ಮಧ್ಯಕ್ಕೆ ತೂತು. ಸ್ಕ್ರೂನ ಎಳೆಗೆ ಮೇಣದಬತ್ತಿ ಉಜ್ಜಿ, ಬಟನ್ ಅಡಿಗೆ ಫೆಲ್ಟ್ ವಾಷರ್ ಇಟ್ಟು, ಕೈಯಲ್ಲೇ ತಿರುಗಿಸಿ ಕೂರಿಸಿದ್ದು, ಪವರ್ ಡ್ರಿಲ್ ಹತ್ತಿರವೂ ತರ್ಬೇಡಿ ಮಾರಾಯ್ರೆ, ಮೊಹಾಗನಿ ಮೆತ್ತಗಿನ ಮರ. ಬಾಡಿಯೊಳಗೇ ಹುದುಗುವಂಥ ಸ್ಟ್ರಾಪ್ ಲಾಕೂ ಉಂಟು, ಆದ್ರೆ ಅದಕ್ಕೆ ದೊಡ್ಡ ತೂತು ಕೊರೀಬೇಕು, ನನಗೆ ಮನಸ್ಸು ಬರ್ಲಿಲ್ಲ. ಸ್ಟ್ರಾಪ್ ಜಾರದ ಹಾಗೆ ನುಡಿಸುವಾಗ ನಲ್ಲಿ ಸಾಮಾನಿನ ಅಂಗಡಿಯ ದಪ್ಪ ರಬ್ಬರ್ ವಾಷರ್ ಒತ್ತಿ ಹಾಕ್ತೇನೆ, ಗಟ್ಟಿ ನಿಲ್ತದೆ. ಕೇಸಲ್ಲಿ ಇಡುವಾಗ ವಾಷರೂ ಸ್ಟ್ರಾಪೂ ಹೊರಗೆ. ನೈಟ್ರೋಸೆಲ್ಯುಲೋಸ್ ಪಾಲಿಶ್‌ನ ಗಿಟಾರ್ ಆದ್ರಂತೂ ಇದನ್ನ ಮರೀಲೇಬಾರದು, ರಬ್ಬರ್ ತಾಗಿದಲ್ಲಿ ಪಾಲಿಶ್ ಕರಗಿ ಅಂಟಂಟಾಗ್ತದೆ.

ಗಿಟಾರ್ ಹಿಂದಕ್ಕೆ ಕೂತ್ಮೇಲೆ ದಿಂಬು ಸ್ವಲ್ಪ ತಗ್ಗು ಅನ್ನಿಸ್ತು, ಫೆಲ್ಟ್ ಬಟ್ಟೆ ಮಡಚಿ ಅಂಟಿಸಿ ಎತ್ತರಿಸಿದೆ. ಚೆಕ್ ಮಾಡ್ಲಿಕ್ಕೆ ಉದ್ದ ಕಾಗದದ ಪಟ್ಟಿಯೊಂದನ್ನ ಹೆಡ್‌ಸ್ಟಾಕ್ ಅಡಿಗೆ ಹಾಯಿಸಿ ಎರಡು ಬದಿಯ ಟ್ಯೂನರ್‌ಗಳಿಂದಾಚೆ ತುದಿ ಬಿಟ್ಟು ಮೆಲ್ಲಗೆ ಎಳೆದು ನೋಡಿದೆ, ಎಲ್ಲೂ ಸಿಕ್ಕದೆ ಬಂತು. ಮುಚ್ಚಳವೂ ಒತ್ತದೇ ಮುಚ್ಚಿಕೊಂಡ್ತು.

ಒಳಗೆ ತೇವ ಹೀರುವ ಕೇಸರಿ ಬಣ್ಣದ ಸಿಲಿಕಾ ಜೆಲ್‌ನ ಬಟ್ಟೆ ಚೀಲ, ಜೊತೆಗೆ ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಹೈಗ್ರೋಮೀಟರ್. ತೇವಾಂಶ 45ರಿಂದ 55 ಪರ್ಸೆಂಟ್ ಇದ್ರೆ ಒಳ್ಳೇದು. 40ಕ್ಕಿಂತ ಕೆಳಗೆ ಹೋದ್ರೆ ಚೀಲ ತೆಗೀತೇನೆ, ಇಲ್ಲಾಂದ್ರೆ ಫ್ರೆಟ್‌ಬೋರ್ಡ್ (ಬೆರಳು ಒತ್ತುವ ಮರದ ಪಟ್ಟಿ) ಒಣಗಿ ಅದರ ಮೇಲಿನ ಲೋಹದ ಫ್ರೆಟ್‌ನ ತುದಿ ಕೈಗೆ ಚುಚ್ಲಿಕ್ಕೆ ಶುರುವಾಗ್ತದೆ. ಸ್ಟ್ರಿಂಗ್ ಸಡಿಲ ಮಾಡೋದಿಲ್ಲ. ಹತ್ತರ ಸೆಟ್‌ನ (ತೀರಾ ಸಪೂರದ ತಂತಿ 0.010 ಇಂಚು ದಪ್ಪ ಇರುವ ಸೆಟ್) ಆರೂ ತಂತಿ ಸೇರಿ ಸುಮಾರು 45 ಕೆಜಿ ಎಳೀತಾ ಇರ್ತದೆ, ಟ್ರಸ್ ರಾಡ್ ಸೆಟ್ ಮಾಡಿದ್ದೇ ಆ ಎಳೆತಕ್ಕೆ, ತಿಂಗಳುಗಟ್ಟಲೆ ಸಡಿಲ ಬಿಟ್ರೆ ನೆಕ್ ಹಿಂದಕ್ಕೆ ಬಾಗ್ಬಹುದು. ಒರೆಸಿ, ಟ್ಯೂನ್ ಮಾಡಿ, ಹಾಗೇ ಇಡೋದು.