ಆಸ್ಟ್ರೇಲಿಯಾದ ಹಿಮಕ್ಕೆ ಮೊದಲ ಸಲ ಹೊರಟಿದ್ದೀರಾ? ತಾರೀಖಿನಿಂದ ಶುರು ಮಾಡಿ

ಜೂನ್ ತಿಂಗಳ ಎರಡನೇ ಸೋಮವಾರ ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ರಾಜನ ಹುಟ್ಟುಹಬ್ಬದ ರಜೆ. ಆ ವಾರಾಂತ್ಯಕ್ಕೆ ಆಸ್ಟ್ರೇಲಿಯಾದ ಸ್ಕೀ ರೆಸಾರ್ಟ್‌ಗಳು ಬಾಗಿಲು ತೆರೆಯುತ್ತವೆ. ಅಲ್ಲಿರುವ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ‘ಹಿಮ ನೋಡೋಕೆ ಹೋಗೋಣ್ವಾ?’ ಎಂಬ ಮಾತು ಏಳುವುದೂ ಆಗಲೇ. ಸ್ಕೀಯಿಂಗ್ ಕಲಿಯುವ ಆಸೆಯಿದ್ದರೆ ಆ ವಾರ ಮಾತ್ರ ಹೋಗಬೇಡಿ. ಬಾಗಿಲು ತೆರೆದ ಮಾತ್ರಕ್ಕೆ ಹಿಮ ಬಿದ್ದಿರುತ್ತದೆ ಅಂತೇನಿಲ್ಲ. ಎಷ್ಟೋ ವರ್ಷ ಆ ಹೊತ್ತಿಗೆ ಇರುವುದು ಯಂತ್ರದಿಂದ ಮಾಡಿದ ಹಿಮದ ಒಂದು ಪಟ್ಟಿ, ಅದರ ಆಚೀಚೆ ಒದ್ದೆ ಹುಲ್ಲು ಅಷ್ಟೆ.

ಇಲ್ಲಿನ ಬೆಟ್ಟಗಳು ಎತ್ತರದವಲ್ಲ. ಎಲ್ಲಕ್ಕಿಂತ ಎತ್ತರದ ಕೊಸಿಯಸ್ಕೊ ಶಿಖರವೇ 2,228 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಜಾಸ್ತಿ, ಅಷ್ಟೇ! ಭೂಮಧ್ಯರೇಖೆಯಿಂದ ಬಹಳ ದಕ್ಷಿಣಕ್ಕಿರುವುದರಿಂದ ಅಲ್ಲಿ ಹಿಮ ಬೀಳುತ್ತದೆ. ದಕ್ಷಿಣ ಸಾಗರದ ಕಡೆಯಿಂದ ತಣ್ಣನೆ ಗಾಳಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಬೆಟ್ಟವೆಲ್ಲ ಬೆಳ್ಳಗಾಗುತ್ತದೆ. ಮರುವಾರ ಮಳೆ ಬಂದು ಅದರಲ್ಲಿ ಅರ್ಧ ಕೊಚ್ಚಿಕೊಂಡು ಹೋಗುವುದೂ ಉಂಟು. ಹಾಗಾಗಿ ಇಲ್ಲಿ ಹಿಮದ ಪ್ರವಾಸ ಎಂದರೆ ಮೊದಲು ತಾರೀಖು, ಆಮೇಲೆ ಎತ್ತರ. ಹೋಟೆಲ್ಲಿನ ಫೋಟೊಗಳನ್ನು ಕೊನೆಗೆ ನೋಡಿದರೆ ಸಾಕು.

ಯಾವಾಗ ಹೋಗುವುದು?

ಪೆರಿಷರ್ ಮತ್ತು ಶಾರ್ಲಟ್ ಪಾಸ್ ಎಂಬ ಸ್ಕೀ ರೆಸಾರ್ಟ್‌ಗಳ ನಡುವೆ ಸ್ಪೆನ್ಸರ್ಸ್ ಕ್ರೀಕ್ ಎಂಬ ಜಾಗವಿದೆ. ಸ್ನೋಯಿ ಹೈಡ್ರೊ ಎಂಬ ಜಲವಿದ್ಯುತ್ ಸಂಸ್ಥೆಯವರು 1954ರಿಂದಲೂ ಅಲ್ಲಿ ಹಿಮದ ಆಳ ಅಳೆಯುತ್ತಿದ್ದಾರೆ. ಹಿಮ ಕರಗಿದ ನೀರಿನಿಂದಲೇ ಅವರ ವಿದ್ಯುತ್ ಆಗಬೇಕಲ್ಲ, ಅವರಿಗೆ ಆ ಲೆಕ್ಕ ಬೇಕೇ ಬೇಕು. 1981ರಲ್ಲಿ ಅಲ್ಲಿನ ಆಳ 3.61 ಮೀಟರ್ ಮುಟ್ಟಿತ್ತು. 2006ರಲ್ಲಿ ಇಡೀ ಚಳಿಗಾಲ ಕಾದರೂ ಒಂದು ಮೀಟರ್ ದಾಟಲಿಲ್ಲ. ವರ್ಷದಿಂದ ವರ್ಷಕ್ಕೆ ಇಷ್ಟು ಏರುಪೇರು. ಆದರೂ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನ ಕಾಲ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಜುಲೈ ಶಾಲಾ ರಜೆಯಲ್ಲಿ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಮಕ್ಕಳ ಶಾಲೆಯ ಕಟ್ಟುಪಾಡು ಇಲ್ಲದವರು ಆಗಸ್ಟ್‌ನ ಮಂಗಳವಾರ, ಬುಧವಾರ ಹಿಡಿಯಿರಿ. ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಸಾಲು ಚಿಕ್ಕದಿರುತ್ತದೆ.

ಎಲ್ಲಿಗೆ?

ಸಿಡ್ನಿ, ಕ್ಯಾನ್‌ಬೆರಾ ಕಡೆಯವರಿಗೆ ಥ್ರೆಡ್‌ಬೊ ಮತ್ತು ಪೆರಿಷರ್. ಎರಡಕ್ಕೂ ತಳದ ಊರು ಜಿಂಡಬೈನ್. ಸಿಡ್ನಿಯಿಂದ ಕಾರಿನಲ್ಲಿ ಐದಾರು ಗಂಟೆ, ಕ್ಯಾನ್‌ಬೆರಾದಿಂದ ಎರಡೂವರೆ. ಪೆರಿಷರ್ ನಲವತ್ತಕ್ಕೂ ಹೆಚ್ಚು ಲಿಫ್ಟುಗಳ ದೊಡ್ಡ ಹರವು. ಅಲ್ಲಿನ ಫ್ರಂಟ್ ವ್ಯಾಲಿ, ಸ್ಮಿಗಿನ್ ಹೋಲ್ಸ್ ಎರಡೂ ಹೊಸಬರಿಗೆ ಒಳ್ಳೆಯವು. ಥ್ರೆಡ್‌ಬೊದಲ್ಲಿ ಕಲಿಯುವವರಿಗೆಂದೇ ಫ್ರೈಡೆ ಫ್ಲಾಟ್ ಇದೆ. ಆದರೆ ಥ್ರೆಡ್‌ಬೊ ಹಳ್ಳಿ ಇರುವುದು 1,365 ಮೀಟರ್‌ನಲ್ಲಿ. ಮೇಲೆ ಹಿಮ ಬೀಳುತ್ತಿದ್ದಾಗ ಕೆಳಗೆ ಮಳೆ ಸುರಿಯಬಹುದು. ಎತ್ತರ ನೋಡಿ ಅಂದಿದ್ದು ಇದಕ್ಕೇ.

ಮೆಲ್ಬರ್ನ್‌ನವರಿಗೆ ಮೌಂಟ್ ಬುಲ್ಲರ್ ಹತ್ತಿರ, ಮೂರು ಗಂಟೆ. ಫಾಲ್ಸ್ ಕ್ರೀಕ್ ಇನ್ನೂ ದೂರ, ಆದರೆ ಹೊಸಬರಿಗೆ ನಾನು ಹೇಳುವುದು ಅದನ್ನೇ. ಅಲ್ಲಿ ವಾಂಬ್ಯಾಟ್ಸ್ ರ್‍ಯಾಂಬಲ್ ಎಂಬ ಉದ್ದನೆಯ ಸುಲಭದ ಇಳಿಜಾರಿದೆ. ಸ್ನೋ ಗಮ್ ಮರಗಳ ನಡುವೆ ನಿಧಾನವಾಗಿ ಇಳಿದು ಬರಬಹುದು. ನೀಲಗಿರಿ ಜಾತಿಯ ಮರ, ಕೊಂಬೆ ಮೇಲೆ ಹಿಮ. ಈ ನೋಟ ಸ್ವಿಟ್ಜರ್ಲೆಂಡಿನಲ್ಲಿ ಸಿಗುವುದಿಲ್ಲ!

ಸ್ಕೀಯಿಂಗ್ ಬೇಡ, ಊರಿಂದ ಬಂದಿರುವ ಅಪ್ಪ ಅಮ್ಮನಿಗೆ ಹಿಮ ಮುಟ್ಟಿಸಬೇಕು, ಮಕ್ಕಳು ಜಾರುಬಂಡಿ ಆಡಬೇಕು, ಅಷ್ಟೇ ಸಾಕು ಅನ್ನುವವರು ದೊಡ್ಡ ರೆಸಾರ್ಟಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಮೆಲ್ಬರ್ನ್‌ನಿಂದ ಎರಡು ಗಂಟೆಯ ಲೇಕ್ ಮೌಂಟನ್ ಇದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಸೆಲ್ವಿನ್ ಇದೆ. 2020ರ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿದ್ದ ಸೆಲ್ವಿನ್ 2023ರಲ್ಲಿ ಮತ್ತೆ ತೆರೆಯಿತು. ಅದರ ಪಕ್ಕದಲ್ಲೇ ಕಿಯಾಂಡ್ರ ಎಂಬ ಹಳೆಯ ಚಿನ್ನದ ಊರು. 1861ರಲ್ಲೇ ಅಲ್ಲಿನ ಗಣಿಗಾರರು, ಅವರಲ್ಲೂ ನಾರ್ವೆಯವರು, ಬೇಲಿಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಜಾರುತ್ತಿದ್ದರು. ಈ ದೇಶದ ಸ್ಕೀಯಿಂಗ್ ಹುಟ್ಟಿದ್ದು ಅಲ್ಲಿ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ದೊಡ್ಡ ರೆಸಾರ್ಟ್‌ಗಳಲ್ಲಿ ಸೀಸನ್ನಿನ ನಡುವೆ ಒಂದು ದಿನದ ಲಿಫ್ಟ್ ಟಿಕೆಟ್ಟನ್ನು ಅಲ್ಲೇ ಹೋಗಿ ಕೊಂಡರೆ 200 ಡಾಲರ್ ದಾಟುವುದುಂಟು. ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಂಡರೆ ಕಡಿಮೆ. ಇನ್ನೂ ಮುಖ್ಯ ಎಂದರೆ, ಮೊದಲ ದಿನ ಇಡೀ ಬೆಟ್ಟದ ಟಿಕೆಟ್ ನಿಮಗೆ ಬೇಕಾಗೇ ಇಲ್ಲ. ‘ಫಸ್ಟ್ ಟೈಮರ್’ ಪ್ಯಾಕೇಜ್ ಇದೆಯಾ ಅಂತ ಕೇಳಿ. ಪಾಠ, ಸಲಕರಣೆ, ಕೆಳಗಿನ ಕೆಲವು ಲಿಫ್ಟು ಅದರಲ್ಲೇ ಸೇರಿರುತ್ತವೆ.

ಪಾಠದ ದುಡ್ಡು ಉಳಿಸಬೇಡಿ. ‘ನಾನು ಕಲಿಸ್ತೀನಿ ಬಾರೋ’ ಅನ್ನುವ ಗೆಳೆಯ ಎಲ್ಲರಿಗೂ ಒಬ್ಬನಿರುತ್ತಾನೆ. ಅವನು ನಿಮ್ಮನ್ನು ನೇರ ಮೇಲಕ್ಕೆ ಕರೆದುಕೊಂಡು ಹೋಗುತ್ತಾನೆ, ಆಮೇಲೆ ಕೆಳಗೆ ಕಾಯುತ್ತಾ ನಿಲ್ಲುತ್ತಾನೆ.

ಉಳಿಸಬೇಕಾದದ್ದು ಬಟ್ಟೆಯಲ್ಲಿ. ನೀರು ಇಳಿಯದ ಜಾಕೆಟ್, ಪ್ಯಾಂಟು ಬಾಡಿಗೆಗೆ ಸಿಗುತ್ತವೆ. ಒಳಗೆ ಮೈಗಂಟುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್. ಜೀನ್ಸ್ ಮತ್ತು ಹತ್ತಿ ಬಟ್ಟೆ ಬೇಡವೇ ಬೇಡ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಕಾಲುಚೀಲ ಉದ್ದದ್ದು, ಒಂದೇ ಜೊತೆ. ಚಳಿ ಅಂತ ಎರಡು ಹಾಕಿದರೆ ಬೂಟಿನೊಳಗೆ ಕಾಲು ಬಿಗಿದು ಇನ್ನಷ್ಟು ತಣ್ಣಗಾಗುತ್ತದೆ. ಮೋಡವಿದ್ದರೂ ಸನ್‌ಸ್ಕ್ರೀನ್ ಹಚ್ಚಿ, ಗಲ್ಲದ ಕೆಳಗೂ ಹಚ್ಚಿ. ಬಿಸಿಲು ಹಿಮದ ಮೇಲೆ ಬಿದ್ದು ಕೆಳಗಿಂದಲೂ ಸುಡುತ್ತದೆ.

ಇನ್ನೊಂದು ಖರ್ಚು ಯಾರೂ ನೆನಪಿಸುವುದಿಲ್ಲ. ಆಂಬುಲೆನ್ಸ್ ಖರ್ಚನ್ನು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕೊಡುವುದಿಲ್ಲ. ಭಾರತದಿಂದ ಬಂದವರ ಪ್ರವಾಸ ವಿಮೆಯಲ್ಲಿ ಹಿಮದ ಆಟಗಳು ಸೇರಿವೆಯೇ ಅಂತ ಬೇರೆಯಾಗಿ ನೋಡಬೇಕು. ಬಹಳಷ್ಟು ವಿಮೆಗಳಲ್ಲಿ ಅದಕ್ಕೆ ಮೇಲೆ ದುಡ್ಡು ಕಟ್ಟಬೇಕಾಗುತ್ತದೆ.

ಕಾರು

ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದ ಹಿಮದ ರಸ್ತೆಗಳಲ್ಲಿ ಚಳಿಗಾಲದ ಸೀಸನ್ ಪೂರ್ತಿ ಟೂ ವೀಲ್ ಡ್ರೈವ್ ಕಾರುಗಳು ಜಾರದಂತೆ ಚಕ್ರಕ್ಕೆ ಸುತ್ತುವ ಚೈನು ಇಟ್ಟುಕೊಂಡಿರಲೇಬೇಕು. ವಿಕ್ಟೋರಿಯಾದ ಬುಲ್ಲರ್, ಹೋಥಮ್, ಫಾಲ್ಸ್ ಕ್ರೀಕ್‌ಗಳಲ್ಲಿ ಫೋರ್ ವೀಲ್ ಡ್ರೈವಿಗೂ ಅದೇ ನಿಯಮ. ಚೈನು ಜಿಂಡಬೈನ್, ಕೂಮಾ, ಮ್ಯಾನ್ಸ್‌ಫೀಲ್ಡ್‌ನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಂಡು ಡಿಕ್ಕಿಗೆ ಹಾಕಿ ಹೊರಟುಬಿಡಬೇಡಿ. ಒಣ ನೆಲದ ಮೇಲೆ, ಹಗಲು ಬೆಳಕಿನಲ್ಲಿ ಒಮ್ಮೆ ಹಾಕಿ ಬಿಚ್ಚಿ ನೋಡಿ. ಗಾಳಿ ಬೀಸುವಾಗ, ಬೆರಳು ಮರಗಟ್ಟಿದಾಗ, ಹಿಂದಿನವನು ಹಾರ್ನ್ ಹೊಡೆಯುವಾಗ ಕಲಿಯುವ ವಿದ್ಯೆ ಅಲ್ಲ ಅದು. ಎಂಜಿನ್ ತಿರುಗಿಸುವ ಚಕ್ರಕ್ಕೆ ಹಾಕಬೇಕು, ಮಾಮೂಲಿ ಸಣ್ಣ ಕಾರುಗಳಲ್ಲಿ ಮುಂದಿನದಕ್ಕೆ. ಚೈನು ಹಾಕಿದ ಮೇಲೆ ಗಂಟೆಗೆ 40 ಕಿ.ಮೀ. ದಾಟಬೇಡಿ. ಬಾಡಿಗೆ ಕಾರಾದರೆ ಹಿಮಕ್ಕೆ ಒಯ್ಯಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿ.

ಡೀಸೆಲ್ ಗಾಡಿಯಾದರೆ ಬೆಟ್ಟದ ತಳದ ಊರಿನಲ್ಲಿ ‘ಆಲ್ಪೈನ್ ಡೀಸೆಲ್’ ತುಂಬಿಸಿ. ಮಾಮೂಲಿ ಡೀಸೆಲ್ ಚಳಿಗೆ ಗಟ್ಟಿಯಾಗಿ ಬೆಳಿಗ್ಗೆ ಗಾಡಿ ಶುರುವಾಗದೆ ಹೋಗಬಹುದು. ಮೇಲೆ ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ. ಹ್ಯಾಂಡ್‌ಬ್ರೇಕ್ ಹೆಪ್ಪುಗಟ್ಟಬಹುದು, ಆದ್ದರಿಂದ ಸಮತಟ್ಟು ಜಾಗ ನೋಡಿ ಗೇರಿನಲ್ಲಿ ನಿಲ್ಲಿಸಿ.

ಇದೆಲ್ಲ ಬೇಡಪ್ಪ ಅನಿಸಿದರೆ ಪೆರಿಷರ್‌ಗೆ ಒಂದು ಒಳ್ಳೆಯ ದಾರಿಯಿದೆ. ಬುಲಕ್ಸ್ ಫ್ಲಾಟ್‌ನಲ್ಲಿ ಕಾರು ಬಿಟ್ಟು ಸ್ಕೀಟ್ಯೂಬ್ ರೈಲು ಹತ್ತಿ. ಹಳಿಯ ನಡುವಿನ ಹಲ್ಲುಪಟ್ಟಿ ಹಿಡಿದು ಏರುವ ಈ ರೈಲು ಸುರಂಗದೊಳಗಿಂದ ನೇರ ಪೆರಿಷರ್‌ಗೆ, ಅಲ್ಲಿಂದ ಬ್ಲೂ ಕೌಗೆ ಹೋಗುತ್ತದೆ. ಹೊರಗೆ ಎಂಥ ಬಿರುಗಾಳಿ ಇದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ.

ಕಾಲಿಗೆ ಸ್ಕೀ ಕಟ್ಟಿದ ಮೇಲೆ

ಬಾಡಿಗೆ ಅಂಗಡಿಯಲ್ಲಿ ತೂಕ ಕೇಳುತ್ತಾರೆ. ನಾಚಿಕೊಂಡು ಕಡಿಮೆ ಹೇಳಬೇಡಿ, ಜಂಬಕ್ಕೆ ‘ನನಗೆ ಬರುತ್ತೆ’ ಅಂತಲೂ ಹೇಳಬೇಡಿ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳುವ ಬೈಂಡಿಂಗನ್ನು ಆ ಲೆಕ್ಕದ ಮೇಲೇ ಬಿಗಿ ಮಾಡುತ್ತಾರೆ. ಲೆಕ್ಕ ತಪ್ಪಿದರೆ ಪೆಟ್ಟು ಮಂಡಿಗೆ. ಬೂಟು ಹಾಕಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ಸ್ವಲ್ಪ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಎದ್ದರೆ ಬೂಟು ದೊಡ್ಡದಾಯಿತು.

ಮೊದಲ ಪಾಠ ಜಾರುವಾಗ ವೇಗ ತಡೆದು ನಿಲ್ಲುವುದು. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ. ಕಲಿಸುವವರು ಇದಕ್ಕೆ ‘ಪಿಜ್ಜಾ’ ಅನ್ನುತ್ತಾರೆ. ಅಗಲ ಜಾಸ್ತಿಯಾದಷ್ಟೂ ವೇಗ ಕಡಿಮೆ. ಬಲಕ್ಕೆ ತಿರುಗಬೇಕಾದರೆ ಎಡಗಾಲಿನ ಮೇಲೆ ಭಾರ ಹಾಕಿ, ಎಡಕ್ಕಾದರೆ ಬಲಗಾಲಿನ ಮೇಲೆ. ಕೇಳಿದಾಗ ಉಲ್ಟಾ ಅನಿಸುತ್ತದೆ, ಅರ್ಧ ಗಂಟೆಯಲ್ಲಿ ಕಾಲಿಗೇ ಅರ್ಥವಾಗುತ್ತದೆ.

ಹೆದರಿದವರೆಲ್ಲ ಹಿಂದಕ್ಕೆ ವಾಲುತ್ತಾರೆ. ಆಗಲೇ ಹಿಡಿತ ತಪ್ಪುವುದು. ಭಾರ ಹಿಂದೆ ಹೋದರೆ ಸ್ಕೀಯ ಮುಂಭಾಗ ಮಾತು ಕೇಳುವುದಿಲ್ಲ, ಓಡಿಬಿಡುತ್ತದೆ. ಕಣಕಾಲಿನ ಮುಂಭಾಗ ಬೂಟಿನ ನಾಲಗೆಗೆ ಒತ್ತಿರಲಿ, ಕಣ್ಣು ಪಾದದ ಮೇಲಲ್ಲ, ಹೋಗುವ ಕಡೆ ಇರಲಿ. ಬೀಳುವುದು ಖಂಡಿತ ಅನಿಸಿದರೆ ಪಕ್ಕಕ್ಕೆ ಕುಸಿಯಿರಿ. ಏಳುವ ಮುಂಚೆ ಎರಡೂ ಸ್ಕೀಗಳನ್ನು ನಿಮಗಿಂತ ಕೆಳಗೆ, ಇಳಿಜಾರಿಗೆ ಅಡ್ಡ ಇಟ್ಟುಕೊಳ್ಳಿ. ಇಳಿಜಾರಿನ ಕಡೆ ಮುಖ ಮಾಡಿಟ್ಟರೆ ಎದ್ದ ಕೂಡಲೇ ಮತ್ತೆ ಜಾರಾಟ.

ಮೊದಲು ಮ್ಯಾಜಿಕ್ ಕಾರ್ಪೆಟ್ ಎಂಬ ಚಲಿಸುವ ಪಟ್ಟಿಯ ಮೇಲೆ ನಿಂತು ಏರುವುದು, ಆಮೇಲೆ ಚೇರ್‌ಲಿಫ್ಟ್. ಟಿ-ಬಾರ್ ಸಿಕ್ಕರೆ ಅದರ ಮೇಲೆ ಕೂರಬೇಡಿ. ಅದು ಎಳೆಯುವ ಕಂಬಿ, ಕೂರುವ ಪೀಠ ಅಲ್ಲ. ಕೂತವರೆಲ್ಲ ಬಿದ್ದಿದ್ದಾರೆ.

ಇಳಿಜಾರಿನ ಫಲಕಗಳಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿನದು, ಕಪ್ಪು ವಜ್ರ ಕಷ್ಟ. ಮೊದಲ ದಿನ ಹಸಿರು ದಾಟಬೇಡಿ. ಕೆಳಗಿರುವವರಿಗೇ ದಾರಿಯ ಹಕ್ಕು, ಮೇಲಿಂದ ಬರುವವರೇ ತಪ್ಪಿಸಿಕೊಂಡು ಹೋಗಬೇಕು. ಸುಧಾರಿಸಿಕೊಳ್ಳಲು ನಿಲ್ಲುವುದಾದರೆ ಅಂಚಿಗೆ ಹೋಗಿ. ನಡುವೆ ಗುಂಪಾಗಿ ನಿಂತು ಸೆಲ್ಫಿ ತೆಗೆಯುವ ಅಭ್ಯಾಸ ನಮ್ಮವರಲ್ಲಿ ಸ್ವಲ್ಪ ಜಾಸ್ತಿ, ಅಲ್ವಾ?

ಇಲ್ಲಿನ ಹಿಮ ಬೆಳಿಗ್ಗೆ ಗಟ್ಟಿಯಾಗಿ, ಜಾರಿಕೆಯಾಗಿ ಇರುತ್ತದೆ. ಬಿಸಿಲೇರಿದ ಮೇಲೆ ಮೆತ್ತಗಾಗುತ್ತದೆ. ಸೆಪ್ಟೆಂಬರ್‌ನಲ್ಲಂತೂ ಮಧ್ಯಾಹ್ನಕ್ಕೆ ನೀರು ನೀರು. ಹೊಸಬರಿಗೆ ಹತ್ತರಿಂದ ಎರಡರವರೆಗಿನ ಹೊತ್ತು ಒಳ್ಳೆಯದು. ಕಾಲು ಸೋತ ಮೇಲೆ ‘ಇನ್ನೊಂದೇ ರೌಂಡು’ ಎಂಬ ಆಸೆ ಬೇಡ.

ಅದೇ ದಿನ ವಾಪಸ್ ಹೊರಡುವವರು ಬೆಳಕಿರುವಾಗಲೇ ಜಿಂಡಬೈನ್ ದಾಟಿ. ಕೂಮಾ ರಸ್ತೆಯಲ್ಲಿ ಮುಸ್ಸಂಜೆಗೆ ಕಾಂಗರೂಗಳು ದಿಢೀರನೆ ಅಡ್ಡ ಬರುತ್ತವೆ, ಕತ್ತಲಾದ ಮೇಲೆ ವಾಂಬ್ಯಾಟ್‌ಗಳೂ ಸೇರಿಕೊಳ್ಳುತ್ತವೆ. ತಡವಾಗಿದ್ದರೆ ಜಿಂಡಬೈನ್‌ನಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಮೇಲಿನ ರೆಸಾರ್ಟಿಗಿಂತ ಅಲ್ಲಿ ರೂಮು ಅಗ್ಗ, ಬಾಡಿಗೆ ಚೈನನ್ನೂ ಹೋಗುವ ಮುಂಚೆ ಅಲ್ಲೇ ವಾಪಸ್ ಕೊಡಬಹುದು.