ಅಯೋವಾ ಕಾಕಸ್‌ಗೆ ಅಕ್ಕಪಕ್ಕದವರನ್ನು ಸೇರಿಸಿದ ನನ್ನ ಅನುಭವ

2008ರ ಜನವರಿ 3ರಂದು ಅಮೆರಿಕದ ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಕಾಕಸ್, ಅಂದರೆ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆ, ನಡೆಯಿತು. ವೆಸ್ಟ್ ಡೆ ಮೊಯ್ನ್‌ನ ನಮ್ಮ ಪ್ರಿಸಿಂಕ್ಟ್‌ನಲ್ಲಿ ಒಬಾಮಾ ಪರವಾಗಿ ಜನ ಸೇರಿಸುವ ಜವಾಬ್ದಾರಿಯನ್ನು ನಾನು ಹೊತ್ತುಕೊಂಡಿದ್ದೆ. ಪ್ರಿಸಿಂಕ್ಟ್ ಅಂದರೆ ನಮ್ಮ ಕಡೆಯ ಬೂತ್ ಇದ್ದ ಹಾಗೆ. ಇಡೀ ರಾಜ್ಯದಲ್ಲಿ ಆಗ 1,781 ಇದ್ದವು. ಪ್ರತಿಯೊಂದರಲ್ಲೂ ನನ್ನಂಥವರು ಯಾರೋ ಒಬ್ಬರು ಕೈಯಲ್ಲಿ ಪಟ್ಟಿ ಹಿಡಿದು ಚಳಿಯಲ್ಲಿ ಬಾಗಿಲು ತಟ್ಟುತ್ತಿದ್ದರು, ಬೇರೆ ಬೇರೆ ಅಭ್ಯರ್ಥಿಗಳ ಪರವಾಗಿ.

ಕಾಕಸ್ ನೋಡದವರಿಗೆ ಮೊದಲು ಇಷ್ಟು ಹೇಳಬೇಕು. ಆಗ ಡೆಮಾಕ್ರಟರ ಕಾಕಸ್‌ನಲ್ಲಿ ಮತಪೆಟ್ಟಿಗೆ ಇರುತ್ತಿರಲಿಲ್ಲ, ಬಟನ್ ಇರುತ್ತಿರಲಿಲ್ಲ. ಸಂಜೆ 7 ಗಂಟೆಯ ಒಳಗೆ ಸ್ಕೂಲ್ ಜಿಮ್‌ಗೋ ಚರ್ಚ್ ಹಾಲ್‌ಗೋ ಬಂದು ಹೆಸರು ಬರೆಸಬೇಕಿತ್ತು. ಆಮೇಲೆ ನಿಮ್ಮ ಅಭ್ಯರ್ಥಿಯ ಗುಂಪು ಇರುವ ಮೂಲೆಗೆ ಹೋಗಿ ಎಲ್ಲರ ಎದುರಿಗೇ ನಿಲ್ಲಬೇಕಿತ್ತು. ಹೆಚ್ಚಿನ ಪ್ರಿಸಿಂಕ್ಟ್‌ಗಳಲ್ಲಿ ಬಂದವರ ಪೈಕಿ ಶೇ. 15ರಷ್ಟಾದರೂ ಒಂದು ಗುಂಪಿನಲ್ಲಿ ಇರಬೇಕಿತ್ತು. 200 ಜನ ಬಂದಿದ್ದರೆ 30 ಜನ. 29 ಆದರೆ ಮುಂದಿನ ಹಂತದ ಸಭೆಗೆ ಆ ಗುಂಪಿನಿಂದ ಒಬ್ಬ ಪ್ರತಿನಿಧಿಯೂ ಇರುತ್ತಿರಲಿಲ್ಲ. ಅವರು ಬೇರೆ ಗುಂಪಿಗೆ ಹೋಗಬಹುದಿತ್ತು, ಬೇರೆಯವರನ್ನು ತಮ್ಮ ಕಡೆ ಎಳೆದುಕೊಳ್ಳಬಹುದಿತ್ತು, ಇಲ್ಲಾ ಮನೆಗೆ ಹೋಗಬಹುದಿತ್ತು. ರಿಪಬ್ಲಿಕನ್ನರದ್ದು ಸುಲಭ. ಚೀಟಿ ಬರೆದು ಹಾಕಿದರೆ ಮುಗಿಯಿತು.

ಹೀಗಿರುವಾಗ ಒಬ್ಬರ ಬಾಯಲ್ಲಿ 'ನಾನು ಒಬಾಮಾ ಪರ' ಅನ್ನಿಸಿಕೊಂಡರೆ ಅರ್ಧ ಕೆಲಸವೂ ಆಗಿರುತ್ತಿರಲಿಲ್ಲ. ಆ ಮನುಷ್ಯ ಜನವರಿ ಚಳಿಯಲ್ಲಿ, ಕ್ರಿಸ್ಮಸ್ ರಜೆ ಮುಗಿದ ಸುಸ್ತಿನಲ್ಲಿ, ರಾತ್ರಿ ಊಟದ ಹೊತ್ತಿಗೆ ಮನೆಯಿಂದ ಹೊರಬಂದು ಎರಡು ಗಂಟೆ ಅಲ್ಲೇ ಇರಬೇಕಿತ್ತು. ಮೊದಲ ಎಣಿಕೆ ಆದ ಮೇಲೆ ಎದ್ದು ಹೋಗಬಾರದಿತ್ತು. ಅದಕ್ಕೇ ನಾನು ಮಾತಿನ ಕೊನೆಗೆ 'ಬರ್ತೀರಾ?' ಅಂತ ಕೇಳುವುದನ್ನು ಬಿಟ್ಟುಬಿಟ್ಟೆ. 'ಹೇಗೆ ಬರ್ತೀರಾ? ಯಾರ ಜೊತೆ? ಮಕ್ಕಳನ್ನ ಯಾರು ನೋಡ್ಕೋತಾರೆ?' ಅಂತ ಕೇಳುತ್ತಿದ್ದೆ. 'ಬರ್ತೀರಾ' ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. 'ಹೇಗೆ' ಅಂದಾಗಲೇ ನಿಜವಾದ ತೊಂದರೆ ಹೊರಬರುವುದು. ರಾತ್ರಿ ಹೊತ್ತು ಗಾಡಿ ಓಡಿಸಲು ಕಣ್ಣು ಕಾಣುವುದಿಲ್ಲ, ಗಂಡ ರಿಪಬ್ಲಿಕನ್, ಹಿಂದೆ ಯಾವತ್ತೂ ಹೋಗಿಲ್ಲ, ಎಲ್ಲರ ಮುಂದೆ ಮಾತಾಡಬೇಕಾ ಅನ್ನುವ ಭಯ. ಇದನ್ನೆಲ್ಲ ಪಟ್ಟಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಿದ್ದೆ. ಕಚೇರಿಯಿಂದ ಬಂದ ಪಟ್ಟಿಯಲ್ಲಿ ಒಂದರಿಂದ ಐದರವರೆಗೆ ಅಂಕಿ ಹಾಕುವುದಿತ್ತು, ಖಚಿತವಾಗಿ ನಮ್ಮವರಾದರೆ ಒಂದು. ಆದರೆ ನನ್ನ ಕೈಹಿಡಿದದ್ದು ಆ ಪೆನ್ಸಿಲ್ ಬರಹವೇ.

ನಮ್ಮ ಕನ್ನಡದವರಲ್ಲಿ ಸಿಟಿಜನ್‌ಶಿಪ್ ಸಿಕ್ಕಿದ್ದವರಿಗೂ ಇದೇ ಭಯ. 'ನಾವೆಲ್ಲ ಯಾಕ್ರೀ ಅಲ್ಲಿ? ಅವರ ಪಾರ್ಟಿ ವಿಷಯ' ಅಂತ ಒಬ್ಬರು ಅಂದರು. ಅವರಿಗೆ ಪಕ್ಷ, ಸಿದ್ಧಾಂತ ಅಂತ ಏನೂ ಹೇಳಲು ಹೋಗಲಿಲ್ಲ. ಬಾಗಿಲಿಂದ ಒಳಗೆ ಹೋದರೆ ಮೊದಲು ಏನಾಗುತ್ತೆ, ಎಲ್ಲಿ ಸಹಿ ಹಾಕುವುದು, ಎಲ್ಲಿ ನಿಲ್ಲುವುದು, ಬಾಯಿ ಬಿಡದೆಯೂ ಇರಬಹುದು ಅನ್ನುವುದನ್ನು ಅಡುಗೆಮನೆಯ ಟೇಬಲ್ ಮೇಲೆ ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದೆ. ಪಕ್ಷಕ್ಕೆ ಸೇರಿಲ್ಲದಿದ್ದರೂ ಆ ರಾತ್ರಿ ಅಲ್ಲೇ ನೋಂದಾಯಿಸಬಹುದು ಅಂತ ಬಹಳ ಜನರಿಗೆ ಗೊತ್ತೇ ಇರಲಿಲ್ಲ. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ 17ರ ಹುಡುಗ ಹುಡುಗಿಯರೂ ಬರಬಹುದು ಅನ್ನುವುದಂತೂ ನನಗೆ ತುಂಬಾ ನೆರವಾಯಿತು. ಮಗಳು ಹೊರಟು ನಿಂತರೆ ಅಪ್ಪ ಅಮ್ಮ ಮನೆಯಲ್ಲಿ ಕೂರುತ್ತಾರಾ? ಹಾಗೆ ಬಂದ ಕುಟುಂಬಗಳೂ ನಮ್ಮ ಗುಂಪಿನಲ್ಲಿದ್ದವು.

ಎಚ್1ಬಿ ಕೆಲಸದ ವೀಸಾ ಮೇಲಿದ್ದ ಗೆಳೆಯರಿಗೆ ಕಾಕಸ್‌ನಲ್ಲಿ ಎಣಿಕೆಗೆ ನಿಲ್ಲುವ ಹಕ್ಕಿಲ್ಲ. ಆದರೂ ಅವರು ಮಾಡಿದ ಕೆಲಸ ದೊಡ್ಡದು. ಇಬ್ಬರು ಗೆಳತಿಯರು ಒಂದು ಮನೆಯಲ್ಲಿ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ರಾತ್ರಿ ಊಟ ಹಾಕಿ ನೋಡಿಕೊಂಡರು. ಮೊಸರನ್ನವನ್ನು ಒಲ್ಲೆ ಅಂದ ಮಕ್ಕಳಿಗೆ ಪಾಸ್ತಾ. ಅವರು ಆವತ್ತು ಅಲ್ಲಿ ಕೂತಿದ್ದರಿಂದ ಎಷ್ಟು ಅಪ್ಪ ಅಮ್ಮಂದಿರು ಜಿಮ್‌ವರೆಗೆ ಬರಲು ಆಯಿತು ಅನ್ನುವುದು ನನಗೆ ಗೊತ್ತು. ಅವರ ಹೆಸರು ಯಾವ ಲೆಕ್ಕದಲ್ಲೂ ಬರಲಿಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಇನ್ನು ಎರಡನೇ ಆಯ್ಕೆಯ ವಿಷಯ. ಈ ಕೆಲಸದಲ್ಲಿ ಬೇರೆ ಎಲ್ಲದಕ್ಕಿಂತ ಇದೇ ಮುಖ್ಯ ಅಂತ ನಾನು ನಂಬುತ್ತೇನೆ. ನಮ್ಮ ಎದುರು ಮನೆಯಲ್ಲಿ ರಿಟೈರ್ ಆದ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದರು. ಇಬ್ಬರೂ ಬೈಡನ್ ಪರ. ಬೈಡನ್ ಆಗ ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದರು, ಅನುಭವ ಅಂದರೆ ಅದು ಅಂತ ಮೇಷ್ಟ್ರು ಹೇಳುತ್ತಿದ್ದರು. ನಾನು ವಾದ ಮಾಡಲಿಲ್ಲ. 'ನಿಮ್ಮ ಗುಂಪಿಗೆ ಜನ ಸಾಲದೇ ಹೋದ್ರೆ ಏನ್ ಮಾಡ್ತೀರಾ?' ಅಂತ ಅಷ್ಟೇ ಕೇಳಿದೆ. ಅವರು ಸುಮ್ಮನಾದರು. ಆಮೇಲೆ ಅವರೇ ಕಾಫಿ ಕೊಟ್ಟು ಕೂರಿಸಿದರು. ಡಿಸೆಂಬರ್ ಪೂರ್ತಿ ನಾನು ಅವರ ಮನೆಗೆ ಹೋಗಿ ಬರುತ್ತಿದ್ದೆ, ಪ್ರತಿ ಸಲವೂ ರಾಜಕೀಯ ಮಾತಾಡಲಿಲ್ಲ. ಅವರ ಮನೆ ಮುಂದಿನ ಹಿಮವನ್ನೂ ತೆಗೆದಿದ್ದೇನೆ, ಹಾಗೇ ನೋಡಿದರೆ ಅದು ಪ್ರಚಾರಕ್ಕಾಗಿ ಮಾಡಿದ್ದಲ್ಲ, ಪಕ್ಕದವರಿಗೆ ಮಾಡುವ ಕೆಲಸ. ಆದರೆ ಕಾಕಸ್‌ನಲ್ಲಿ ಕೊನೆಗೆ ನಿಲ್ಲುವುದು ಅಕ್ಕಪಕ್ಕದವರ ಮಧ್ಯೆಯೇ ಅಲ್ವಾ.

ಆ ರಾತ್ರಿ ಜಿಮ್ ತುಂಬಿ ಕಾರಿಡಾರ್‌ವರೆಗೂ ಜನ. ನೋಂದಣಿ ಫಾರಂ ಮುಗಿದು ಮತ್ತೆ ಜೆರಾಕ್ಸ್ ಮಾಡಿಸಬೇಕಾಯಿತು. 2004ರಲ್ಲಿ ರಾಜ್ಯದಲ್ಲಿ ಸುಮಾರು 1,24,000 ಡೆಮಾಕ್ರಟರು ಬಂದಿದ್ದರು, 2008ರಲ್ಲಿ ಸುಮಾರು 2,39,000. ನಮ್ಮ ಗುಂಪಿನಲ್ಲಿ ಎಣಿಕೆ ಹೇಗೆ ನಡೆಯಿತೆಂದರೆ, ಎಲ್ಲರೂ ಕೈ ಎತ್ತಿ ನಿಂತು, ಒಬ್ಬೊಬ್ಬರಾಗಿ ತಮ್ಮ ನಂಬರ್ ಕೂಗಿ ಕೈ ಇಳಿಸುತ್ತಾ ಬರುವುದು. ಮಧ್ಯದಲ್ಲಿ ಒಬ್ಬರು ತಪ್ಪು ನಂಬರ್ ಕೂಗಿದರೆ ಮತ್ತೆ ಒಂದರಿಂದ. ಯಾರೂ ಬಾತ್‌ರೂಮ್‌ಗೆ ಹೋಗದಂತೆ ನಮ್ಮ ಒಬ್ಬ ಸ್ವಯಂಸೇವಕ ಬಾಗಿಲ ಹತ್ತಿರವೇ ನಿಂತು ವಿನಯದಿಂದ ಕೇಳಿಕೊಳ್ಳುತ್ತಿದ್ದ.

ಬೈಡನ್ ಗುಂಪಿಗೆ ಶೇ. 15 ಸಿಗಲಿಲ್ಲ. ಅರ್ಧ ಗಂಟೆ ಸಮಯ. ಒಬಾಮಾ, ಹಿಲರಿ ಕ್ಲಿಂಟನ್, ಜಾನ್ ಎಡ್ವರ್ಡ್ಸ್ ಮೂರೂ ಕಡೆಯವರು ಅವರತ್ತ ಓಡಿದರು, ಕೆಲವರ ಕೈಯಲ್ಲಿ ಕುಕೀಸ್ ತಟ್ಟೆ. ನಾನು ಮೇಷ್ಟ್ರ ಹತ್ತಿರ ಹೋದೆ. ಅವರು ನೇರವಾಗಿ ಕೇಳಿದರು: 'ಈ ಹುಡುಗನಿಗೆ ಅನುಭವ ಎಲ್ಲಿದೆ?' ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ 2002ರ ನಿರ್ಣಯಕ್ಕೆ ಬೈಡನ್, ಕ್ಲಿಂಟನ್, ಎಡ್ವರ್ಡ್ಸ್ ಮೂವರೂ ಹೌದು ಅಂದಿದ್ದರು, ಒಬಾಮಾ ಅದೇ ವರ್ಷ ಷಿಕಾಗೋದಲ್ಲಿ ಬಹಿರಂಗವಾಗಿ ಬೇಡ ಅಂದಿದ್ದರು. ಅಷ್ಟನ್ನು ಹೇಳಿ ಸುಮ್ಮನಾದೆ. ಜಾಸ್ತಿ ಮಾತಾಡಿದರೆ ಆ ಹೊತ್ತಿನಲ್ಲಿ ಜನ ಹಿಂದೆ ಸರಿಯುತ್ತಾರೆ. ಮೇಷ್ಟ್ರು ನಮ್ಮ ಕಡೆ ನಡೆದು ಬಂದರು. ಅವರ ಹೆಂಡತಿ ಕ್ಲಿಂಟನ್ ಕಡೆ ಹೋದರು. ಇಬ್ಬರೂ ಜಿಮ್‌ನ ಎರಡು ಬದಿಯಿಂದ ಒಬ್ಬರಿಗೊಬ್ಬರು ಕೈ ಬೀಸಿದರು.

ಆವತ್ತು ರಾಜ್ಯದಲ್ಲಿ ಒಬಾಮಾಗೆ ಸುಮಾರು ಶೇ. 38, ಎಡ್ವರ್ಡ್ಸ್‌ಗೆ 30, ಕ್ಲಿಂಟನ್‌ಗೆ 29 ಬಂತು. ಆಗ ಶೇ. 90ಕ್ಕೂ ಹೆಚ್ಚು ಬಿಳಿಯರಿದ್ದ ರಾಜ್ಯದಲ್ಲಿ! ಸಂತೋಷದಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಬೀದಿಯಲ್ಲಿ ಒಬ್ಬ ನರ್ಸ್ ಇದ್ದರು, ಮೊದಲ ದಿನದಿಂದ ನಮ್ಮವರು. ರಾತ್ರಿ ಪಾಳಿ ಬಿಡಲು ಆಗಲಿಲ್ಲ. ಅಂಚೆ ಮೂಲಕ ಮತ ಹಾಕುವ ದಾರಿಯೂ ಆಗ ಇರಲಿಲ್ಲ. ಅವರಂಥವರನ್ನು ಹೊರಗಿಟ್ಟ ವ್ಯವಸ್ಥೆ ಇದು. 2024ರಲ್ಲಿ ಅಯೋವಾದ ಡೆಮಾಕ್ರಟರು ಅಭ್ಯರ್ಥಿಯ ಆಯ್ಕೆಯನ್ನು ಅಂಚೆಗೆ ಬದಲಾಯಿಸಿದಾಗ ನನಗೆ ಮೊದಲು ನೆನಪಾದದ್ದು ಅವರೇ.

ಎಣಿಕೆ ಮುಗಿದ ತಕ್ಷಣ ಜನ ಮನೆಗೆ ಹೊರಡುತ್ತಾರೆ. ಈ ಕೆಲಸ ಮಾಡುವವರು ಯಾರಾದರೂ ಇದ್ದರೆ ಕೇಳಿ, ಹೋಗಬೇಡಿ. ಕೌಂಟಿ ಅಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ, ಅದರ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸುವುದು ಆಗಲೇ. ನಾನು ಹೆಸರು ಕೊಟ್ಟೆ, ಹೊರಡುವ ಮೊದಲು ಎಡ್ವರ್ಡ್ಸ್ ಗುಂಪಿನ ಮುಂದಾಳಾಗಿದ್ದ ಮಹಿಳೆಯ ಫೋನ್ ನಂಬರ್ ಕೇಳಿ ಬರೆದುಕೊಂಡೆ. ಜನವರಿ 30ಕ್ಕೆ ಎಡ್ವರ್ಡ್ಸ್ ಕಣದಿಂದ ಹಿಂದೆ ಸರಿದರು. ಮರುದಿನವೇ ನಾನು ಆಕೆಗೆ ಫೋನ್ ಮಾಡಿದೆ, ಆಮೇಲೂ ಆಗಾಗ ಮಾತಾಡುತ್ತಿದ್ದೆವು. ಮಾರ್ಚ್ 15ರ ಕೌಂಟಿ ಸಮಾವೇಶಗಳಲ್ಲಿ ರಾಜ್ಯದುದ್ದಕ್ಕೂ ಎಡ್ವರ್ಡ್ಸ್ ಕಡೆಯ ಅನೇಕ ಪ್ರತಿನಿಧಿಗಳು ಒಬಾಮಾ ಕಡೆ ಬಂದರು. ನಮ್ಮ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತದ್ದು ಆಕೆಯೇ.